ದಸ್ತಗೀರ ಮಾಸ್ತರರ ಟೇಲ್ ಶಬ್ದಗಳು

ಸಹನಾ, ವಿನಯ,

ಕಳೆದ ಭಾನುವಾರ ನೀವಿಬ್ಬರೂ ಪಡಸಾಲೆಯಲ್ಲಿ ಓದುತ್ತ ಕುಳಿತಿದ್ದಿರಿ. ನಾನು ಒಳಗೆ ಬದನೆಕಾಯಿ ಪಲ್ಯಕ್ಕೆ ಒಗ್ಗರಣೆ ಹಾಕುತ್ತಿದ್ದೆ. ಸಹನಾ ತನ್ನ ಇಂಗ್ಲಿಷು ಪುಸ್ತಕದೊಳಗಿನ ‘ಕರ್ಟೇಲ್’ ಎಂಬ ಶಬ್ದಕ್ಕೆ ಅರ್ಥವೇನೆಂದು ಕೇಳಿದಳು. ವಿನಯ ಫೋನು ಎಲ್ಲಿದೆ ಎಂದು ಹುಡುಕತೊಡಗಿದ. ಸಾಸಿವೆ ಸಿಡಿಯುವ ಸದ್ದಿನಲ್ಲಿ ಯಾರಿಗೂ ಕೇಳಿಸಲಾರದೆಂಬ ಧೈರ್ಯದಿಂದ ನಾನು, “ಮೊಟಕು ಮಾಡೂದು. ಮದಲ ಅದು ಬಾಲ ಕತ್ತರಿಸಿದ ಕುದರೀಗೆ ಇದ್ದ ಹೆಸರು” ಎಂದುಬಿಟ್ಟೆ.

ಕೇಳಿಸಿತು. ನೀವಿಬ್ಬರೂ ಎದ್ದು ಬಂದು, ಮೂಲೆಯಲ್ಲಿಟ್ಟ ಹಿಟ್ಟಿನ ಡಬ್ಬಿ ಮಾತಾಡಿತೇನೋ ಎಂಬಂತೆ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದಿರಿ. “ಅಜ್ಜಿ, ನಿನಗ ಹೆಂಗ ಗೊತ್ತು?” ಎಂದಳು ಸಹನಾ. ನನಗೆ ನಾಚಿಕೆಯಾಯಿತು. “ಎಲ್ಲೋ ಕೇಳಿದ್ದೆ, ಹೋಗ್ರಿ ಓದಕೋರಿ” ಎಂದು ನಿಮ್ಮನ್ನು ಕಳಿಸಿ, ಆಗಲೇ ತೊಳೆದಿದ್ದ ಕೊತ್ತಂಬರಿಯನ್ನು ಮತ್ತೊಮ್ಮೆ ತೊಳೆದೆ.

ಆಮೇಲೆ ಅನ್ನಿಸಿತು, ಕೇಳಿದ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲವಲ್ಲ ಎಂದು. ಬಾಯಿಂದ ಹೇಳುವುದು ನನಗೆ ಮೊದಲಿನಿಂದಲೂ ಬರುವುದಿಲ್ಲ. ಬರೆದರೆ ಯಾರೂ ಎದುರಿಗೆ ಕುಳಿತು ನೋಡುವುದಿಲ್ಲ. ಹಾಗಾಗಿ ನೀವು ಶಾಲೆಗೆ ಹೋದ ಮೇಲೆ ದಿನಕ್ಕಿಷ್ಟು ಬರೆಯುತ್ತಿದ್ದೇನೆ.

ನಾನು ಓದಿದ್ದು ಕರ್ಜಗಿಯ ಶಾಲೆಯಲ್ಲಿ, ಏಳನೆಯ ಇಯತ್ತೆಯವರೆಗೆ. ಎದುರು ಮನೆಯ ಕಟ್ಟೆಯಷ್ಟೇ ಗೊತ್ತಿದ್ದು, ಒಳಗೆ ಯಾವ ಕೋಣೆ ಎಲ್ಲಿದೆ ಎಂದು ತಿಳಿಯದ ಹಾಗೆ ನನಗೆ ಇಂಗ್ಲಿಷು ಗೊತ್ತು. ಅದರ ಪತ್ರಿಕೆ ಓದಲಾರೆ. ಅದರಲ್ಲಿ ಮಾತಾಡುವುದಂತೂ ಕನಸಿನ ಮಾತು. ಆದರೆ ‘ಟೇಲ್’ ಎಂಬ ತುಣುಕು ಇರುವ ಶಬ್ದಗಳನ್ನು ಮಾತ್ರ ಯಾರು ಕೇಳಿದರೂ ಹೇಳಬಲ್ಲೆ. ಇಂಥ ವಿಚಿತ್ರ ವಿದ್ಯೆ ಇಡೀ ಹಾವೇರಿ ಜಿಲ್ಲೆಯಲ್ಲಿ ಇನ್ನೊಬ್ಬ ಮುದುಕಿಗೆ ಇರಲಿಕ್ಕಿಲ್ಲ.

ನಿಮ್ಮ ಅಜ್ಜನನ್ನು ನೀವು ನೋಡಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಒಂದು ದಲಾಲಿ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಸಂಜೆ ಮನೆಗೆ ಬಂದು ಅಂಗಿ ಜಾಡಿಸಿದರೆ ಓಣಿಯ ಮಂದಿಯೆಲ್ಲ ಸೀನುತ್ತಿದ್ದರು. ಕಾಮಾಲೆಯಾಗಿ ತೀರಿಕೊಂಡಾಗ ನಿಮ್ಮ ಅಪ್ಪ ಇನ್ನೂ ಶಾಲೆಗೆ ಹೆಸರು ಹಚ್ಚುವ ವಯಸ್ಸಿನವನು. ಗಂಡನ ಪಾಲಿನ ಹೊಲಮನೆಯನ್ನು ಮೈದುನ ತನ್ನ ಹೆಸರಿಗೆ ಮಾಡಿಕೊಂಡ. ನಾನು ಕರ್ಜಗಿಗೆ, ಅಣ್ಣನ ಮನೆಗೆ ಬಂದೆ. ಅಣ್ಣ ಒಳ್ಳೆಯವನು, ಅತ್ತಿಗೆಯೂ ಕೆಟ್ಟವಳಲ್ಲ. ಆದರೂ ಆ ಮನೆಯಲ್ಲಿ ನಾನು ಬಾಗಿಲ ಹಿಂದೆ ನಿಲ್ಲುವುದನ್ನು ರೂಢಿ ಮಾಡಿಕೊಂಡೆ. ಯಾರೂ ನಿಲ್ಲು ಎನ್ನಲಿಲ್ಲ. ಮುತ್ತೈದೆಯರು ಅರಿಷಿಣ ಕುಂಕುಮ ಹಿಡಿದುಕೊಂಡು ಬಂದರೆ ಕಾಲು ತಾನಾಗಿಯೇ ಒಳಗೆ ನಡೆಯುತ್ತಿತ್ತು.

ಅಷ್ಟರಲ್ಲಿ ರಾಣೇಬೆನ್ನೂರಿನಲ್ಲಿ ಹೆಣ್ಣುಮಕ್ಕಳಿಗೆ ಸರಕಾರದ ಹೊಲಿಗೆ ತರಬೇತಿ ಶುರುವಾಯಿತು. ಹೋಗಿ ಕಲಿತೆ. ಮುಗಿದಾಗ ಒಂದು ಕಾಲುಮಷೀನು ಕೊಟ್ಟರು. ಅಲ್ಲೇ ಒಂದು ಖೋಲಿ ಹಿಡಿದು ಹೊಲಿಯುತ್ತೇನೆ ಎಂದಾಗ ಅಣ್ಣ ಮಷೀನಿನ ಗಾಲಿಯನ್ನು ಒಮ್ಮೆ ತಿರುವಿ ನೋಡಿದ. ಕಡೆಗೆ, “ದೀಪಾವಳಿ ತನಕ ನೋಡು. ಕೆಲಸ ಹತ್ತಲಿಲ್ಲಂದ್ರ ಮಷೀನು, ಹುಡುಗ, ಎಲ್ಲಾ ಕಟಗೊಂಡು ಬಂದುಬಿಡು. ನಾನ ಬಂದು ಕರಕೊಂಡು ಹೋಗತೇನಿ” ಎಂದ. ಪ್ರೀತಿಯಿಂದಲೇ ಅಂದ. ಆದರೆ ತಿರುಗಿ ಹೋದರೆ ಆ ಬಾಗಿಲ ಹಿಂದಿನಿಂದ ನಾನು ಇನ್ನು ಹೊರಗೆ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು.

ನಾನು ಹಿಡಿದ ಖೋಲಿ ದಸ್ತಗೀರ ಮಾಸ್ತರರ ಮನೆಯದು. ಹೈಸ್ಕೂಲಿನಲ್ಲಿ ಇಂಗ್ಲಿಷು ಕಲಿಸಿ ನಿವೃತ್ತರಾದವರು. ಎತ್ತರದ ಸಪೂರ ಆಳು. ಮುಂದಿನ ಕಟ್ಟೆಯ ಮೇಲೆ, ತೊಡೆಯ ಮೇಲೊಂದು ದಪ್ಪ ಶಬ್ದಕೋಶ ಇಟ್ಟುಕೊಂಡು, ಬೇರೆಯವರು ಕಾದಂಬರಿ ಓದುವ ಹಾಗೆ ಅದನ್ನು ಓದುತ್ತಿದ್ದರು. ನಡುವೆ ನಗುತ್ತಿದ್ದರು ಕೂಡ. ಅವರ ಹೆಂಡತಿಯನ್ನು ನಾನು ಚಾಚಿ ಎನ್ನುತ್ತಿದ್ದೆ. ಚಹಾದ ಬಸಿ ತಂದಿಟ್ಟು ಚಾಚಿ ನನ್ನ ಕಡೆ ತಿರುಗಿ ಹೇಳುವರು: “ನೋಡವಾ, ಮುಂಜಾನಿಂದ ಮೂರನೇ ಚಾ ಇದು. ಮದಲಿನ ಎರಡೂ ಇರಿವಿ ಕುಡದಾವು.”

ಅದೇ ಕಟ್ಟೆಯ ಇನ್ನೊಂದು ತುದಿಯಲ್ಲಿ ಬೆಳಕು ಚೆನ್ನಾಗಿದೆಯೆಂದು ನನ್ನ ಮಷೀನು ಇಟ್ಟಿದ್ದೆ. ಒಂದು ದಿನ ನಿಮ್ಮ ಅಪ್ಪ ಒಳಗೆ ಜೋರಾಗಿ ಪಾಠ ಉರು ಹೊಡೆಯುತ್ತಿದ್ದ. ಟೇಲ್ ಎಂದರೆ ಬಾಲ, ಟೇಲ್ ಎಂದರೆ ಬಾಲ. ಕೇಳಿ ಕೇಳಿ ನನಗೊಂದು ಸಂಶಯ ಬಂತು. ಯಾರ ಜೊತೆಗೂ ತಾನಾಗಿ ಮಾತಾಡದ ನಾನು ಅಂದು ಅದು ಹೇಗೆ ಬಾಯಿ ತೆರೆದೆನೋ ತಿಳಿಯದು.

“ಮಾಸ್ತರ, ಟೇಲ್ ಅಂದ್ರ ಬಾಲ ಆದ್ರ, ಟೇಲರ್‌ಗೆ ಬಾಲ ಎಲ್ಲೈತ್ರಿ?”

ಮಾಸ್ತರರು ನಕ್ಕ ರಭಸಕ್ಕೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಾನು ಯಾಕಾದರೂ ಕೇಳಿದೆನೋ ಎಂದು ಮಷೀನಿನ ಗಾಲಿ ತಿರುವತೊಡಗಿದೆ.

“ನಿಂದರಸು ತಂಗಿ, ನಿಂದರಸು. ಇಷ್ಟು ವರ್ಷ ಸಾಲ್ಯಾಗ ಕಲಿಸೇನಿ, ಒಬ್ಬ ಮಗಾನೂ ಇದನ್ನ ಕೇಳಲಿಲ್ಲ” ಎಂದರು. “ಆ ಟೇಲ್ ಬ್ಯಾರೆ, ಈ ಟೇಲ್ ಬ್ಯಾರೆ. ಬಾಲದ್ದು ಇಂಗ್ಲಿಷರ ಮನೀದು. ಇದು ಫ್ರಾನ್ಸಿನಿಂದ ಬಂದದ್ದು. ಕತ್ತರಸೂದು ಅಂತ ಅರ್ಥ. ಟೇಲರ್ ಅಂದ್ರ ಕತ್ತರಸಾಂವ.”

“ಹೊಲಿಯಾಂವ ಅಲ್ಲೇನ್ರಿ?”

“ಹೊಲಿಗಿ ಆಮ್ಯಾಲೆ. ಹೆಸರು ಬಂದದ್ದು ಕತ್ತರಿಯಿಂದ.”

ಅಂದಿನಿಂದ ಅದೊಂದು ಆಟವಾಯಿತು. ಬಟ್ಟೆಗೆ ಗುಂಡಿ ಹಚ್ಚುತ್ತ ಕುಳಿತ ನನಗೆ ಮಾಸ್ತರರು ದಿನಕ್ಕೊಂದು ಶಬ್ದ ಎಸೆಯುವರು. ರಿಟೇಲ್ ಎಂದರೆ ಬಟ್ಟೆಯ ದೊಡ್ಡ ಥಾನನ್ನು ಮತ್ತೆ ಕತ್ತರಿಸಿ ತುಂಡು ತುಂಡಾಗಿ ಮಾರುವುದು. ಡಿಟೇಲ್ ಎಂದರೆ ಒಂದು ಸಂಗತಿಯನ್ನು ಕಣ್ಣಿಗೆ ಕಾಣುವಷ್ಟು ಚಿಕ್ಕ ಚೂರು ಮಾಡುವುದು. ಟೇಲೇಜ್ ಎಂಬುದು ಹಳೆಯ ಕಾಲದ ರಾಜರು ಪ್ರಜೆಗಳ ಗಳಿಕೆಯಿಂದ ಕತ್ತರಿಸಿಕೊಳ್ಳುತ್ತಿದ್ದ ತೆರಿಗೆ. ಈಗ ಆ ಶಬ್ದ ಸತ್ತಿದೆ, ತೆರಿಗೆ ಬದುಕಿದೆ ಎಂದು ಅವರೇ ನಗುವರು. ಎಂಟೇಲ್ ಎಂದರೆ ಹೊಲಮನೆಯ ಹಕ್ಕನ್ನು ಕತ್ತರಿಸಿ, ಇಂಥ ವಂಶದ ಗಂಡುಮಕ್ಕಳಿಗೇ ಹೋಗಬೇಕು, ಹೊರಗೆ ಹೋಗಬಾರದು ಎಂದು ಕಟ್ಟಿಹಾಕುವುದಂತೆ. ಅದನ್ನು ಕೇಳಿ ನಾನು, “ನಮ್ಮ ಮೈದುನಗ ಇಂಗ್ಲಿಷು ಬರೂದಿಲ್ಲರಿ ಮಾಸ್ತರ, ಆದ್ರೂ ಮಾಡ್ಯಾನ” ಎಂದೆ. ಚಾಚಿ ಒಳಗಿನಿಂದ ಬಿದ್ದು ಬಿದ್ದು ನಕ್ಕರು. ಆ ದುಃಖದ ಬಗ್ಗೆ ನಾನು ನಗಬಹುದು ಎಂದು ಗೊತ್ತಾದದ್ದು ಅವತ್ತೇ.

ಬಾಲದ ಶಬ್ದಗಳೂ ಇದ್ದವು. ಮೊಟಕು ಬಾಲದ ಕುದುರೆಯಿಂದ ಬಂದ ಕರ್ಟೇಲ್ ಅಂಥದ್ದು. ಬಾಲ ಕುಣಿಸುತ್ತ ನೀರಿನ ಅಂಚಿಗೆ ಓಡಾಡುವ ಹಕ್ಕಿಗೆ ವ್ಯಾಗ್‌ಟೇಲ್. ಇನ್ನೊಂದು ನನಗೆ ಬಹಳ ಸೇರಿದ್ದು ಡ್ರ್ಯಾಗಲ್‌ಟೇಲ್. ಲಂಗದ ಅಂಚು ಕೆಸರಿನಲ್ಲಿ ಎಳೆದುಕೊಂಡು ಹೋಗುವ ಹೆಂಗಸನ್ನು ಹಳೆಯ ಇಂಗ್ಲಿಷರು ಹಾಗೆ ಬೈಯುತ್ತಿದ್ದರಂತೆ. ಮಳೆಗಾಲದಲ್ಲಿ ಚಾಚಿ ಸಂತೆಯಿಂದ ಬಂದಾಗ ಅವರ ಸೀರೆಯ ಅಂಚು ನೋಡಿ ಮಾಸ್ತರರು ಆ ಶಬ್ದ ಅಂದರು. ಚಾಚಿ ಕಾಯಿಪಲ್ಲೆಯ ಚೀಲ ಅವರ ಶಬ್ದಕೋಶದ ಮೇಲೆ ಇಳಿಸಿ, “ನಾಳಿಂದ ಸಂತಿಗೆ ನೀವ ಹೋಗ್ರಿ, ಧೋತರದ ಅಂಚು ನಾನೂ ನೋಡತೇನಿ” ಎಂದರು.

ಒಮ್ಮೆ ಚಾಚಿ ಕೇಳಿದರು, “ನಮ್ಮ ಮಾತಿನ್ಯಾಗ ದರ್ಜಿ ಅಂತೀವಲ್ಲ, ಅದರಾಗ ಕತ್ತರಿ ಇಲ್ಲೇನು?” ಮಾಸ್ತರರು ಸ್ವಲ್ಪ ಯೋಚಿಸಿ, ಫಾರಸಿಯಲ್ಲಿ ದರ್ಜ್ ಎಂದರೆ ಹೊಲಿಗೆ, ಬಟ್ಟೆ ಕೂಡುವ ಜಾಗ ಎಂದರು. “ಇಂಗ್ಲಿಷರು ಕತ್ತರಿ ನೋಡಿ ಹೆಸರಿಟ್ರು, ನಮ್ಮವರು ಹೊಲಿಗಿ ನೋಡಿ ಇಟ್ರು.” “ಮಜೂರಿ ಕೊಡುವಾಗ ಇಬ್ಬರೂ ಒಂದ ನಮೂನಿ ಚೌಕಾಸಿ ಮಾಡತಾರ” ಎಂದರು ಚಾಚಿ.

ಹೀಗೆ ಕಟ್ಟೆಯ ಮೇಲೆ ನಗು ಇತ್ತು. ಆದರೆ ಕೆಲಸ ಇರಲಿಲ್ಲ. ಓಣಿಯ ಹೆಣ್ಣುಮಕ್ಕಳು ನನ್ನ ಹತ್ತಿರ ತರುತ್ತಿದ್ದುದು ಸೀರೆಯ ಅಂಚು ಮಡಿಸುವುದು, ಒಳಲಂಗ, ತಲೆದಿಂಬಿನ ಚೀಲ, ಬಿಗಿಯಾದ ಹಳೆಯ ಕುಬಸ ಬಿಚ್ಚಿ ಸಡಿಲು ಮಾಡುವುದು. ಹೊಸ ಬಟ್ಟೆ ಬರುತ್ತಿರಲಿಲ್ಲ. ಮದುವೆಯ ಬಟ್ಟೆಯಂತೂ ದೂರ. “ಬಟ್ಟಿ ಇನ್ನ ತಂದಿಲ್ಲವಾ” ಎನ್ನುವರು, ಮರುದಿನ ಅದೇ ಬಟ್ಟೆ ಪೇಟೆಯ ಟೇಲರನ ಅಂಗಡಿಯಲ್ಲಿ ತೂಗುತ್ತಿರುವುದು. ಗಂಡ ಸತ್ತವಳ ಕತ್ತರಿ ಹೊಸ ಬಟ್ಟೆಗೆ ತಾಗಬಾರದು ಎಂದು ಬಾಯಿ ಬಿಟ್ಟು ಯಾರೂ ಹೇಳಲಿಲ್ಲ. ಹೇಳದಷ್ಟು ಸೌಜನ್ಯ ಎಲ್ಲರಿಗೂ ಇತ್ತು. ದೀಪಾವಳಿ ಮಾತ್ರ ಹತ್ತಿರ ಬರುತ್ತಿತ್ತು.

ಎದುರು ಮನೆಯ ಗಿರಿಜಕ್ಕನ ಗಂಡನದು ಬೀಜದ ಅಂಗಡಿ. ಅವರ ಮಗಳು ಶೋಭಾಳನ್ನು ಹಾವೇರಿಗೆ ಕೊಟ್ಟಿದ್ದರು. ಮೊದಲ ಬಸಿರು ನಿಂತಿರಲಿಲ್ಲ. ಈಗ ಮತ್ತೆ ಏಳು ತಿಂಗಳಾಗಿ, ಕುಬಸದ ಕಾರ್ಯಕ್ಕೆಂದು ತವರಿಗೆ ಬಂದಿದ್ದಳು. ನಿಮಗೆ ಗೊತ್ತಲ್ಲ, ನಮ್ಮ ಕಡೆ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಕುಬಸ ತೊಡಿಸಿ, ಉಡಿ ತುಂಬುತ್ತಾರೆ. ಆ ಕಾರ್ಯಕ್ಕೇ ಕುಬಸ ಎಂದು ಹೆಸರು. ಅದರೊಳಗಿನ ಮುಖ್ಯ ಸಾಮಾನು ಹೊಲಿಯಬೇಕಾದ ಆ ಒಂದು ತುಂಡು ಬಟ್ಟೆ.

ಪೇಟೆಯ ಟೇಲರನ ಹತ್ತಿರ ಇದ್ದ ಹಳೆಯ ಅಳತೆ ಈಗ ಆಗುವಂತಿರಲಿಲ್ಲ. “ಈ ಹೊಟ್ಟಿ ತಗೊಂಡು ಗಂಡಸರ ಮುಂದ ಅಳತಿ ಕೊಡಾಕ ನಾ ಹೋಗೂದಿಲ್ಲ. ಎದುರಿಗೆ ಅಕ್ಕ ಇದ್ದಾಳಲ್ಲ, ಆಕಿ ಹೊಲೀಲಿ” ಎಂದು ಶೋಭಾ ಹಟ ಹಿಡಿದಳು. ಗಿರಿಜಕ್ಕ ಎರಡು ಸಲ ನಮ್ಮ ಕಟ್ಟೆಯವರೆಗೆ ಬಂದು ತಿರುಗಿ ಹೋದರು. ಮೂರನೆಯ ಸಲ ಕುಬಸಕ್ಕೆಂದು ಗುಳೇದಗುಡ್ಡದಿಂದ ತರಿಸಿದ ಹಸಿರು ಖಣದ ತುಂಡು ಹಿಡಿದುಕೊಂಡು ಬಂದರು.

“ನೀನ ಹೊಲಿ ಯವ್ವಾ. ಹಿಂದಿನ ಕುತಿಗಿ ಕೊಳ್ಳ ಮಾತ್ರ ಮ್ಯಾಲ ಇರಲಿ. ಈಕಿ ಈಗಿನ ಹುಡುಗ್ಯಾರಂಗ ಬೆನ್ನು ಬಿಡಸಂತಾಳ, ಕೇಳಬ್ಯಾಡ.” ಆಮೇಲೆ ದನಿ ತಗ್ಗಿಸಿದರು. “ಮದಲನೇ ಕತ್ತರಿ... ಶಾಸ್ತ್ರಕ್ಕ ನಾ ಹಚ್ಚತೇನಿ. ತಪ್ಪು ತಿಳಕೋಬ್ಯಾಡ.”

ನನಗೆ ನೋವಾಯಿತೇ? ಆಯಿತು. ಆದರೆ ಕೈಯಲ್ಲಿ ಹೊಸ ಖಣ ಇತ್ತು. ಅದರ ಗಂಜಿಯ ವಾಸನೆ ಮೂಗಿಗೆ ಬರುತ್ತಿತ್ತು. “ಹಚ್ಚರಿ ಅಕ್ಕಾರ” ಎಂದೆ.

ಶೋಭಾಳ ಅಳತೆ ತೆಗೆದುಕೊಂಡೆ. ಕಟ್ಟೆಯ ಮೇಲೆ ಚಾಪೆ ಹಾಸಿ ಖಣವನ್ನು ಎರಡು ಮಡಿಕೆ ಮಾಡಿ ಇಟ್ಟೆ. ಗಿರಿಜಕ್ಕ ಕತ್ತರಿಗೆ ಅರಿಷಿಣ ಕುಂಕುಮ ಹಚ್ಚಿದರು. ಕುಂಕುಮದ ಬಟ್ಟಲು ಕಂಡೊಡನೆ ನನ್ನ ಕಾಲು ತನ್ನ ಹಳೆಯ ರೂಢಿಯಂತೆ ನಡೆದು ನನ್ನನ್ನು ಬಾಗಿಲ ಹಿಂದೆ ನಿಲ್ಲಿಸಿತು. ಯಾವ ಬದಿಗೆ ಕತ್ತರಿ ಹಚ್ಚಬೇಕೆಂದು ತೋರಿಸಲು ಬಟ್ಟೆಯ ಹತ್ತಿರ ಯಾರೂ ಇರಲಿಲ್ಲ.

ಬಟ್ಟೆ ಮಡಿಸಿಟ್ಟಾಗ ಒಂದು ಬದಿ ತೆರೆದಿರುತ್ತದೆ, ಅಲ್ಲಿ ಎರಡು ಅಂಚು ಕಾಣುತ್ತವೆ. ಇನ್ನೊಂದು ಬದಿ ಮಡಿಕೆ. ನೋಡಲಿಕ್ಕೆ ಮಡಿಕೆಯ ಬದಿಯೇ ನೆಟ್ಟಗೆ, ಅಂದವಾಗಿ ಇರುತ್ತದೆ. ಶುಭಕಾರ್ಯಕ್ಕೆ ಅಂದದ ಬದಿಯೇ ಇರಲೆಂದು ಗಿರಿಜಕ್ಕ ಕಣ್ಣು ಮುಚ್ಚಿ ಕೈ ಮುಗಿದು ಅಲ್ಲೇ ಕಚಕ್ ಎನಿಸಿದರು. ಆಮೇಲೆ ಸಂತೋಷದಿಂದ ಖಣ ಬಿಡಿಸಿ ಮಗಳಿಗೆ ತೋರಿಸಿದರು. ಮೇಲಿನ ಅಂಚಿನ ಹತ್ತಿರ, ನಟ್ಟನಡುವೆ ಬೇವಿನೆಲೆಯಷ್ಟು ತೂತು. ಅದರೊಳಗಿಂದ ಆಚೆಯ ಬೆಳಕು ಕಂಡಿತು.

“ಯಾ ಅಲ್ಲಾ” ಎಂದರು ಚಾಚಿ.

ಗಿರಿಜಕ್ಕ ಹಾಗೆಯೇ ಕುಸಿದು ಕುಳಿತರು. “ಹಸರ ಖಣಕ್ಕ ತೂತು ಹಾಕಿದ್ನಲ್ಲೋ ಶಿವನೇ. ನನ್ನ ಕೈಯಾರೆ ಹಾಕಿದ್ನಲ್ಲೋ. ಹ್ವಾದ ಸಲಾನೂ ಹಿಂಗ...” ಎಂದು ಮುಂದಿನ ಮಾತು ನುಂಗಿದರು. ಶೋಭಾ ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡು ಕಂಬಕ್ಕೆ ಒರಗಿ ನಿಂತಿದ್ದಳು. ಅಳಲಿಲ್ಲ. ಅವಳ ಮುಖದಲ್ಲಿ ಬಣ್ಣವೇ ಇರಲಿಲ್ಲ. ಅಂಥ ಖಣ ಊರಲ್ಲಿ ಇನ್ನೊಂದು ಸಿಕ್ಕುವಂತಿರಲಿಲ್ಲ, ಸಿಕ್ಕರೂ ಈ ತೂತು ಆಕೆಯ ಮನಸ್ಸಿನಿಂದ ಹೋಗುವಂತಿರಲಿಲ್ಲ.

ಮಾಸ್ತರರು ಶಬ್ದಕೋಶ ಮುಚ್ಚಿದರು. ಬಾಗಿಲ ಕಡೆ ನೋಡಿ, “ತಂಗಿ, ಹೊರಗ ಬಾ. ಇದು ನಿನ್ನ ಕೆಲಸ” ಎಂದರು. ಅಷ್ಟೇ. ಉಪದೇಶ ಮಾಡಲಿಲ್ಲ.

ನಾನು ಬಂದೆ. ಬಟ್ಟೆಯ ಮುಂದೆ ಕುಳಿತ ಮೇಲೆ ನನಗೆ ಅಪಶಕುನ ಕಾಣಲಿಲ್ಲ, ಬಟ್ಟೆ ಕಂಡಿತು. ಮತ್ತೆ ಮಡಿಸಿದೆ. ತೂತು ಮಡಿಕೆಯ ಮೇಲೆ, ಮೇಲಿನ ಅಂಚಿನಿಂದ ಸ್ವಲ್ಪ ಕೆಳಗೆ ಇತ್ತು. ಕುಬಸದ ಬೆನ್ನಿನ ಭಾಗವನ್ನು ಮಡಿಕೆಯ ಮೇಲಿಟ್ಟೇ ಕತ್ತರಿಸುತ್ತೇವೆ. ಕೊಳ್ಳ ಬರುವುದೂ ಅಲ್ಲಿಯೇ.

“ಅಕ್ಕಾರ, ಇಲ್ಲಿ ನೋಡ್ರಿ” ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. “ಬೆನ್ನಿನ ಕೊಳ್ಳಕ್ಕ ಇಷ್ಟು ಬಟ್ಟಿ ಹೆಂಗೂ ಕತ್ತರಿಸಿ ಒಗಿಯೂದ ಐತಿ. ನಿಮ್ಮ ಕತ್ತರಿ ಬಿದ್ದದ್ದು ಆ ಬಟ್ಟಿ ಮ್ಯಾಲ. ಸುತ್ತಲೂ ಕತ್ತರಿಸಿದ್ರ ತೂತ ಅದರ ಜೋಡಿ ಹೋಗತೈತಿ. ಕುಬಸದಾಗ ಅದರ ಗುರ್ತೂ ಉಳಿಯೂದಿಲ್ಲ.” ಉಸಿರು ತೆಗೆದುಕೊಂಡು ಉಳಿದದ್ದನ್ನೂ ಹೇಳಿದೆ. “ಆದ್ರ ಕತ್ತರಿ ನಾ ಹಚ್ಚಬೇಕಾಗತೈತ್ರಿ.”

ಗಿರಿಜಕ್ಕ ಮಗಳ ಮುಖ ನೋಡಿದರು, ಖಣ ನೋಡಿದರು, ನನ್ನ ಬರಿಯ ಹಣೆ ನೋಡಿದರು. ನಾನು ತಲೆ ತಗ್ಗಿಸಲಿಲ್ಲ. ಕೇಳಿರಿ ಮಕ್ಕಳೇ, ಆ ಕ್ಷಣ ನನ್ನ ತಲೆಯಲ್ಲಿ ಇದ್ದುದು ಮಾಸ್ತರರ ಮಾತು. ಏಳು ಸಮುದ್ರದ ಆಚೆ, ನನ್ನ ಮುಖ ನೋಡದ ಮಂದಿ, ಈ ಕೆಲಸ ಮಾಡುವವರಿಗೆ ಕತ್ತರಿಸುವವರು ಎಂದೇ ಹೆಸರಿಟ್ಟಿದ್ದಾರೆ. ಹಾಗೆ ಹೆಸರಿಡುವಾಗ ಅವರ ಗಂಡ ಇದ್ದಾನೋ ಇಲ್ಲವೋ ಎಂದು ಕೇಳಿಲ್ಲ. ಊರಿನವರು ನನಗೆ ಇಟ್ಟಿದ್ದ ಹೆಸರು ಒಂದೇ ಆಗಿತ್ತು. ಈಗ ಇನ್ನೊಂದು ಇತ್ತು.

ನಮ್ಮಲ್ಲಿ ಕತ್ತರಿಯನ್ನು ಕೈಯಿಂದ ಕೈಗೆ ಕೊಡುವುದಿಲ್ಲ, ಜಗಳವಾಗುತ್ತದೆಂದು ನೆಲಕ್ಕಿಟ್ಟು ತೆಗೆದುಕೊಳ್ಳುತ್ತೇವೆ. ಗಿರಿಜಕ್ಕ ಅದನ್ನು ಮರೆತರೋ, ಮರೆತಂತೆ ಮಾಡಿದರೋ. ಕುಂಕುಮ ಹಚ್ಚಿದ್ದ ಕತ್ತರಿಯನ್ನು ಎತ್ತಿ ನೇರ ನನ್ನ ಅಂಗೈಯಲ್ಲಿ ಇಟ್ಟರು. “ಕತ್ತರಸು” ಎಂದರು.

“ಆತು, ಇನ್ನ ನಿಮ್ಮಿಬ್ಬರಿಗೂ ಜಗಳ ತಪ್ಪಿದ್ದಲ್ಲ” ಎಂದರು ಚಾಚಿ, ಮೂಗು ಒರೆಸಿಕೊಳ್ಳುತ್ತ.

ಸೀಮೆಸುಣ್ಣದಿಂದ ಗೆರೆ ಎಳೆದು ಕತ್ತರಿಸಿದೆ. ಕೊಳ್ಳದ ತುಂಡು ತೂತಿನ ಸಮೇತ ಚಾಪೆಯ ಮೇಲೆ ಬಿತ್ತು. ಬೆನ್ನಿನ ಭಾಗ ಬಿಡಿಸಿ ಶೋಭಾಳ ಹೆಗಲಿಗೆ ಹಿಡಿದು ನೋಡಿದರೆ, ತೂತನ್ನು ನುಂಗಿದ ಕೊಳ್ಳ ಎರಡು ಬೆರಳು ಹೆಚ್ಚೇ ಇಳಿದಿತ್ತು. ಶೋಭಾ ಹಿಂದೆ ಕೈಯಾಡಿಸಿ ನೋಡಿಕೊಂಡಳು. ಮುಖಕ್ಕೆ ಬಣ್ಣ ಬಂತು.

“ಅವ್ವಾ, ನಾ ಕೇಳಿದಷ್ಟ ಇಳದೈತಿ!”

“ಸುಮ್ಮನಿರು ಹುಚ್ಚಿ” ಎಂದು ಗಿರಿಜಕ್ಕ ಗದರಿಸಿದರು, ಗದರಿಸುತ್ತಲೇ ಅತ್ತರು, ನಕ್ಕರು. ಮಾಸ್ತರರು ಮತ್ತೆ ಶಬ್ದಕೋಶ ತೆರೆದು ಅದರೊಳಗೆ ಮುಖ ಮರೆಮಾಡಿಕೊಂಡರು.

ಕುಬಸದ ದಿನ ನಾನು ಆ ಮನೆಗೆ ಹೋಗಲಿಲ್ಲ. ಕರೆದಿದ್ದರು, ನನ್ನ ಧೈರ್ಯ ಅಷ್ಟು ಬೇಗ ಬೆಳೆಯಲಿಲ್ಲ. ಮಧ್ಯಾಹ್ನ ಗಿರಿಜಕ್ಕ ತಾವೇ ಹೋಳಿಗೆಯ ತಾಟು ತಂದರು. ಇನ್ನೊಂದು ಕೈಯಲ್ಲಿ ಹೊಲಿಯಲೆಂದು ತಂದ ತಮ್ಮ ನಾದಿನಿಯ ಖಣ ಇತ್ತು. ಮುಂದೆ ಶೋಭಾಳಿಗೆ ಸುಸೂತ್ರವಾಗಿ ಹೆರಿಗೆಯಾಗಿ, ಓಣಿಗೆಲ್ಲ ಕೇಳುವಂತೆ ಅಳುವ ಒಂದು ಹೆಣ್ಣು ಕೂಸು ಬಂದಿತು. ದೀಪಾವಳಿಗೆ ಅಣ್ಣ ನನ್ನನ್ನು ಕರೆದೊಯ್ಯಲು ಬಂದಾಗ ಅವನಿಗೆ ಕುಳಿತುಕೊಳ್ಳಲು ಹೊರಸಿನ ಮೇಲೆ ಜಾಗವಿರಲಿಲ್ಲ. ಎಲ್ಲ ಜಂಪರಿನ ಬಟ್ಟೆ. ನಿಂತುಕೊಂಡೇ ಸುತ್ತಲೂ ನೋಡಿ, “ಮಷೀನಿಗೆ ಎಣ್ಣಿ ಬಿಡವಾ, ಸಪ್ಪಳ ಮಾಡಾಕತ್ತೈತಿ” ಎಂದು, ಚಹಾ ಕುಡಿದು, ಒಬ್ಬನೇ ಕರ್ಜಗಿಯ ಬಸ್ಸು ಹತ್ತಿದ.

ಊರು ಬದಲಾಯಿತು ಎಂದು ತಿಳಿಯಬೇಡಿ. ಎಷ್ಟೋ ಹೆಣ್ಣುಮಕ್ಕಳು ಆಮೇಲೂ ಮೊದಲನೆಯ ಕತ್ತರಿ ತಾವೇ ಹಚ್ಚುತ್ತೇವೆ ಎಂದರು. ನಾನು ಬೇಡವೆನ್ನಲಿಲ್ಲ. ಪಕ್ಕದಲ್ಲೇ ಕುಳಿತು, ಬಟ್ಟೆಯ ತೆರೆದ ಬದಿಯನ್ನು ಅವರ ಕೈಗೆ ತಿರುಗಿಸಿ ಕೊಡುತ್ತಿದ್ದೆ. ಬಾಗಿಲ ಹಿಂದೆ ಮಾತ್ರ ಮತ್ತೆ ನಿಲ್ಲಲಿಲ್ಲ. ಚಾಚಿ ಹೇಳಿದ ಜಗಳವೂ ನಿಜವಾಯಿತು. ಕೊಳ್ಳ ಎಷ್ಟು ಇಳಿಯಬೇಕೆಂದು ಗಿರಿಜಕ್ಕ ನನ್ನೊಡನೆ ಬಹಳ ವರ್ಷ ಜಗಳಾಡಿದರು. ಅಷ್ಟು ಸುಖದ ಜಗಳ ನಾನು ಇನ್ಯಾರ ಜೊತೆಗೂ ಆಡಿಲ್ಲ.

ನಿಮ್ಮ ಅಪ್ಪ ಓದಿ ಕೆಲಸ ಹಿಡಿದು ನಾವು ಹಾವೇರಿಗೆ ಬರುವವರೆಗೂ ಅದೇ ಕಟ್ಟೆಯ ಮೇಲೆ ಹೊಲಿದೆ. ಹೊರಡುವ ದಿನ ಮಾಸ್ತರರಿಗೆ ಏನಾದರೂ ಹೇಳಬೇಕೆಂದು ಒಂದು ವಾರದಿಂದ ಮಾತು ಜೋಡಿಸಿಕೊಂಡಿದ್ದೆ. ಎದುರಿಗೆ ನಿಂತಾಗ ಒಂದೂ ಬರಲಿಲ್ಲ. ಅವರ ಅಂಗಿಯ ಒಂದು ಗುಂಡಿ ಸಡಿಲವಾಗಿತ್ತು. ಅದನ್ನು ಗಟ್ಟಿ ಮಾಡಿ ಕೊಟ್ಟು ಬಂದೆ. ಅವರಿಗೆ ತಿಳಿಯಿತೆಂದು ನಂಬಿದ್ದೇನೆ. ಈಗ ಅವರೂ ಇಲ್ಲ, ಚಾಚಿಯೂ ಇಲ್ಲ. ಅಂದು ಹೇಳದೆ ಉಳಿದದ್ದನ್ನು ಇಂದು ನಿಮಗೆ ಹೇಳುತ್ತಿದ್ದೇನೆ.

ಇದನ್ನೆಲ್ಲ ಬರೆದ ಮೇಲೆ ನನ್ನ ನಾಚಿಕೆ ಕೊಂಚ ಸಡಿಲಾಗಿದೆ. ಇವತ್ತು ಸಂಜೆ ನೀವು ಓದಲು ಕುಳಿತಾಗ ನಾನೂ ಪಡಸಾಲೆಗೆ ಬಂದು ನಿಮ್ಮ ನಡುವೆ ಕುಳಿತುಕೊಳ್ಳುತ್ತೇನೆ. ಗೊತ್ತಿಲ್ಲದ ಶಬ್ದ ಬಂದರೆ ಮೊದಲು ನನ್ನನ್ನು ಕೇಳಿರಿ. ನನಗೂ ಗೊತ್ತಿಲ್ಲದಿದ್ದರೆ ಮೂವರೂ ಕೂಡಿ ಹುಡುಕೋಣ.

ಈ ಹಾಳೆಗಳನ್ನು ನಿಮ್ಮ ಬಟ್ಟೆಯ ಟ್ರಂಕಿನಲ್ಲಿ, ನುಸಿಗುಳಿಗೆ ಹಾಕಿ, ಮಡಿಕೆ ಬೀಳದಂತೆ ಇಡಿರಿ. ಅಲ್ಲಲ್ಲಿ ಮಾತು ಹೆಚ್ಚಾಗಿದೆ ಅನ್ನಿಸಿದರೆ ಕತ್ತರಿಸಬೇಡಿ. ಬೆಳೆಯುವ ಮಕ್ಕಳ ಅಂಗಿಗೆ ಒಳಗಡೆ ಒಂದಿಷ್ಟು ಬಟ್ಟೆ ಬಿಟ್ಟೇ ಹೊಲಿಯುತ್ತೇವೆ. ದೊಡ್ಡವರಾದ ಮೇಲೆ ಬಿಚ್ಚಿಕೊಳ್ಳಿರಿ.